ಅರ್ಧ ಹೆಜ್ಜೆ ಪಕ್ಕಕ್ಕೆ

ಆ ಶುಕ್ರವಾರ ಬೆಳಗಿನಿಂದ ಮಾಡಿದ ಕೆಲಸಗಳು ಇಷ್ಟು. ಹಾಲು ಕಾಯಿಸಿದ್ದು. ಡಿಕಾಕ್ಷನ್ ಇಳಿಯದೆ ಕೂತಿದ್ದಕ್ಕೆ ಫಿಲ್ಟರಿನ ತಲೆಯ ಮೇಲೆ ಎರಡು ಸಲ ತಟ್ಟಿದ್ದು. ಹೊಸ್ತಿಲು ಸಾರಿಸಿ ಎರಡೆಳೆ ರಂಗೋಲಿ ಎಳೆದದ್ದು. ದಂಟಿನ ಸೊಪ್ಪು ಬಿಡಿಸಿ ತೊಗರಿಬೇಳೆಯ ಜೊತೆ ಕುಕ್ಕರಿಗೆ ಹಾಕಿಟ್ಟದ್ದು. ನೀರಿನ ಮೋಟಾರು ಹಾಕಿ, ಟ್ಯಾಂಕು ತುಂಬಿ ಹರಿಯುವ ಮುಂಚೆ ನೆನಪಿಟ್ಟು ಆರಿಸಿದ್ದು. ಗ್ಯಾಸ್ ಬುಕ್ ಮಾಡಿದ್ದು. ಹಸಿ ಕಸ, ಒಣ ಕಸ ಬೇರೆ ಬೇರೆಯಾಗಿ ಗಾಡಿಗೆ ಕೊಟ್ಟದ್ದು. ಎಂಟೂವರೆಗೆ ಕೆಳಗಿಳಿದು ಇಸ್ತ್ರಿಗೆ ಕೊಟ್ಟಿದ್ದ ಬಟ್ಟೆ ತಂದದ್ದು. ಈ ಕೊನೆಯದನ್ನು ಆದ ಕೆಲಸ ಅನ್ನಬೇಕೋ ಆಗದ ಕೆಲಸ ಅನ್ನಬೇಕೋ ತಿಳಿಯದು. ಬಟ್ಟೆಯೇನೋ ಬಂತು. ಹಿಂದಿನ ಸಂಜೆ ನಾನೇ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿಕೊಟ್ಟಿದ್ದ ಗಂಟು, ಕಟ್ಟು ಸಹ ಸಡಿಲವಾಗದೆ ಹಾಗೇ ಕೈಗೆ ಬಂತು.

ನಮ್ಮ ಮನೆ ಚಾಮರಾಜಪೇಟೆಯಲ್ಲಿ, ಎರಡನೇ ಮಹಡಿ. ಕೆಳಗೆ ರಸ್ತೆಯಂಚಿನ ಹೊಂಗೆ ಮರದಡಿ ಇಸ್ತ್ರಿ ಗಾಡಿ. ಗಾಡಿಯ ಹೆಂಗಸು ಅಲ್ಲಿ ನಿಲ್ಲಲು ಶುರುಮಾಡಿ ಹತ್ತೊಂಬತ್ತು ವರ್ಷ. ನನಗಿಂತ ಆರೇಳು ವರ್ಷ ಚಿಕ್ಕವಳು. ನಾನು ಬಟ್ಟೆ ಕೊಡಲು ಹೋದರೆ ಕೊಟ್ಟು ಬರುವುದು ಅಂತ ಇಲ್ಲ. ಅವಳು ಒಂದು ಷರಟು ಮುಗಿಸುವಷ್ಟು ಹೊತ್ತಾದರೂ ನಿಂತು ಮಾತಾಡಿ ಬರುವುದು ವಾಡಿಕೆ. ನನ್ನ ಬಾಣಂತನ ಬಿಟ್ಟರೆ ಉಳಿದೆಲ್ಲಾ ವಿಷಯ ಅವಳಿಗೆ ಗೊತ್ತು.

ಆವತ್ತು ಅವಳು ನನ್ನ ಮುಖ ನೋಡಲಿಲ್ಲ.

"ಅಕ್ಕ, ಗಂಟು ತಗೊಂಡ್ಹೋಗಿ."

"ಆಗೋಯ್ತಾ? ಇಷ್ಟು ಬೇಗ?"

"ಆಗಿಲ್ಲ. ಮಾಡಲ್ಲ."

"ಯಾಕಮ್ಮ, ಹುಷಾರಿಲ್ವಾ?"

ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಗಾಡಿಯ ಕೆಳಗಿನ ಚೀಲದಿಂದ ಫೋನ್ ತೆಗೆದಳು. ಮೂರನೇ ಕ್ರಾಸಿನ ಅಪಾರ್ಟ್‌ಮೆಂಟಿನ ಗಿರಾಕಿಯೊಬ್ಬರು ಕಳಿಸಿದ್ದರಂತೆ. 'ನೋಡಮ್ಮ, ಫೇಮಸ್ ಆಗ್ಬಿಟ್ಟೆ' ಅಂತ ಬರೆದು ನಾಲ್ಕು ಚಪ್ಪಾಳೆ ಚಿತ್ರ ಹಾಕಿದ್ದರು. ಕೆಳಗೆ ಒಂದು ಆಮಂತ್ರಣ ಪತ್ರಿಕೆ. ಬಸವನಗುಡಿಯಲ್ಲಿ ಶನಿವಾರ ಶುರುವಾಗಲಿದ್ದ ನನ್ನ ಗಂಡನ ಛಾಯಾಚಿತ್ರ ಪ್ರದರ್ಶನದ್ದು. ಅದರ ತುಂಬಾ ಅವಳ ಮುಖ. ಬೆಳಗಿನ ಬಿಸಿಲು, ಇದ್ದಿಲಿನ ಹೊಗೆ, ಅರ್ಧ ತೆರೆದ ಬಾಯಿ, ಎರಡು ಕೆನ್ನೆಯ ಮೇಲೂ ನೀರು.

"ಇದು ಯಾವತ್ತಿಂದು ಅಂತ ನಿಮಗೆ ಗೊತ್ತಾ ಅಕ್ಕ?"

ಗೊತ್ತಿಲ್ಲ ಅನ್ನಬಹುದಿತ್ತು. ಹನ್ನೊಂದು ವರ್ಷವಾಗಿತ್ತು. ಗೊತ್ತು ಅಂದೆ.

"ನಾನು ಆವತ್ತು, ಸಾರು ನಿಮ್ಮನ್ನ ತೆಗೀತಿದಾರೆ ಅಂದ್ಕೊಂಡಿದ್ದೆ," ಅಂದಳು. ಅಷ್ಟು ಹೇಳಿ, ಯಾರದೋ ಪ್ಯಾಂಟನ್ನು ಕೊಡವಿ ಹಲಗೆಯ ಮೇಲೆ ಹಾಸಿದಳು.

ಇದು ಅರ್ಥವಾಗಬೇಕಾದರೆ ನನ್ನ ಗಂಡ ಫೋಟೋ ತೆಗೆಯುವ ಕ್ರಮ ಹೇಳಬೇಕು.

ಇವರ ತಂದೆಗೆ ಇದೇ ಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಸೈಜು, ಶಾಲೆಯ ಗ್ರೂಪ್ ಫೋಟೋ, ಹೆಣ್ಣು ತೋರಿಸುವುದಕ್ಕೆ ಪೂರ್ತಿ ನಿಂತ ಫೋಟೋ. ಇವರೂ ಅದನ್ನೇ ಮುಂದುವರಿಸಿದರು. ಆದರೆ ಅಂಗಡಿ ತೆರೆಯುವುದು ಹತ್ತಕ್ಕೆ. ಬೆಳಗಿನ ಆರರಿಂದ ಒಂಬತ್ತರವರೆಗೆ ಇವರು ಬೀದಿಯಲ್ಲಿ. ಅಕ್ಕಿಪೇಟೆಯಲ್ಲಿ ಮೂಟೆ ಇಳಿಸುವವರು, ಕಾಟನ್‌ಪೇಟೆಯಲ್ಲಿ ಶಟರು ಎತ್ತುವ ಮೊದಲು ಅಂಗಡಿ ಮುಂದೆ ನೀರು ಚಿಮುಕಿಸುವವರು, ಬಸ್ಸಿಗೆ ಕಾಯುತ್ತಾ ಹೂವಿನ ಪೊಟ್ಟಣ ಬಿಚ್ಚಿ ಮುಡಿದುಕೊಳ್ಳುವ ಟೀಚರು. ದೇವಸ್ಥಾನ, ಜಾತ್ರೆ, ಮಂತ್ರಿ, ಸೂರ್ಯಾಸ್ತ, ಇವು ಯಾವುವೂ ಇವರಿಗೆ ಬೇಡ. "ಜನ ಕೆಲಸ ಮಾಡ್ತಾ ಮಾಡ್ತಾ ತಮ್ಮನ್ನ ತಾವು ಮರೆತಿರ್ತಾರಲ್ಲ, ಅದು ಬೇಕು ನಂಗೆ," ಅನ್ನುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಅಕ್ಕಿಪೇಟೆಯಲ್ಲಿ ಒಂದು ಗಲಾಟೆಯಾಯಿತು. ಮೂಟೆ ಹೊತ್ತು ಬಗ್ಗಿದವನೊಬ್ಬನ ಫೋಟೋ ತೆಗೆದಿದ್ದಕ್ಕೆ ಅವನು ಮೂಟೆ ಇಳಿಸಿ ಬಂದು ಕೊರಳಪಟ್ಟಿ ಹಿಡಿದ. ಸುತ್ತ ಜನ ಸೇರಿದರು. ಕ್ಯಾಮೆರಾ ತೆರೆಸಿ ಫಿಲಂ ಎಳೆದು ಬಿಸಿಲಿಗೆ ಹಿಡಿಸಿದರು. ಇವರು ಮನೆಗೆ ಬಂದು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ನಾವಿಬ್ಬರೂ ಗಾಂಧಿಬಜಾರಿಗೆ ಹೋಗಿದ್ದೆವು. ಹೂವಿನ ಸಾಲಿನ ಮುಂದೆ ನಿಲ್ಲಿಸಿ ನನ್ನ ಫೋಟೋ ತೆಗೆಯಲು ಹೋದರು. ನನ್ನ ಹಿಂದೆ ಹತ್ತು ಜನ ಹೂ ಕಟ್ಟುತ್ತಾ ಜಗಳವಾಡುತ್ತಾ ಇದ್ದರು. ಒಬ್ಬರೂ ತಲೆಯೆತ್ತಲಿಲ್ಲ. ಯಾರೋ ಗಂಡ ಯಾರೋ ಹೆಂಡತಿಯ ಫೋಟೋ ತೆಗೆಯುತ್ತಿದ್ದಾನೆ, ನಮಗೇನು.

ಇವರು ಕ್ಯಾಮೆರಾ ಕೆಳಗಿಳಿಸಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಮದುವೆಯ ದಿನವೂ ಹಾಗೆ ನೋಡಿರಲಿಲ್ಲ.

ಅಂದಿನಿಂದ ವಾರಕ್ಕೆ ನಾಲ್ಕು ಬೆಳಗು ನಾನೂ ಜೊತೆಗೆ. ನಾನು ನಿಲ್ಲುವುದು, ಇವರು ನನ್ನ ಕಿವಿಯ ಪಕ್ಕದಿಂದ ಹಿಂದಿನವರನ್ನು ತೆಗೆಯುವುದು. ಇವರ ಎಡ ಮೊಣಕೈ ಎದ್ದರೆ ನಾನು ಎಡಕ್ಕೆ, ಬಲ ಮೊಣಕೈ ಎದ್ದರೆ ಬಲಕ್ಕೆ. ಎರಡೂ ಇಳಿದರೆ ಕೆಲಸ ಮುಗಿಯಿತು, ಮುಂದಕ್ಕೆ ನಡೆ. ಒಂದೆರಡು ವರ್ಷದಲ್ಲಿ ಮೊಣಕೈ ನೋಡುವುದೂ ಬೇಡವಾಯಿತು. ಬಿಸಿಲು ಎಲ್ಲಿಂದ ಬರುತ್ತಿದೆ, ನನ್ನ ನೆರಳು ಯಾರ ಮೇಲೆ ಬೀಳುತ್ತಿದೆ ಎಂಬುದು ಕಾಲಿಗೇ ಗೊತ್ತಾಗುತ್ತಿತ್ತು. ಒಗ್ಗರಣೆಗೆ ಸಾಸಿವೆ ಎಷ್ಟು ಅಂತ ಬೆರಳಿಗೆ ಗೊತ್ತಿರುತ್ತದಲ್ಲ, ಹಾಗೆ.

ಜನರಿಗೆ ನಾವೊಂದು ತಮಾಷೆಯಾದೆವು. ಗಾಂಧಿಬಜಾರಿನ ಹೂವಿನಜ್ಜಿಯೊಬ್ಬಳು, "ಏನ್ ಸ್ವಾಮಿ, ಎಷ್ಟು ಸಲ ತೆಗೀತೀರಾ ಅಮ್ಮನ್ನ, ಸವೆದು ಹೋಗ್ತಾರೆ," ಅನ್ನುತ್ತಿದ್ದಳು. ಇಸ್ತ್ರಿಯಾಕೆಯಂತೂ ಕೇಳುವುದೇ ಬೇಡ. "ಅಕ್ಕ, ಸಾರಿಗೆ ನಿಮ್ಮ ಮೇಲೆ ಅದೇನು ಪ್ರೀತಿ! ನಮ್ಮನೇವ್ರು ಮದುವೆ ಫೋಟೋದಲ್ಲೂ ನನ್ನ ಕಡೆ ನೋಡಿಲ್ಲ, ಬಿರಿಯಾನಿ ಕಡೆ ನೋಡ್ತಿದಾರೆ." ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅಷ್ಟು ವರ್ಷದ ಅಷ್ಟು ಫೋಟೋಗಳಲ್ಲಿ ನಾನು ಎಲ್ಲೂ ಇಲ್ಲ. ಕೆಲವದರಲ್ಲಿ ಅಂಚಿಗೆ ಒಂದು ಕಿವಿ, ಜಡೆಯ ತುದಿ, ಮಸುಕಾದ ಭುಜ. ಕಳೆದ ವರ್ಷ ಅಕ್ಕನ ಮಗಳು ಯಾವುದೋ ಕಾರ್ಯಕ್ರಮಕ್ಕೆ ನನ್ನದೊಂದು ಒಳ್ಳೆಯ ಫೋಟೋ ಕೇಳಿದಳು. ಫೋಟೋಗ್ರಾಫರ್ ಹೆಂಡತಿ ಅಂತ ನಾಲ್ಕು ದಿನ ಹುಡುಕಿ, ಆಧಾರ್ ಕಾರ್ಡಿನದ್ದೇ ಕಳಿಸಿದೆ.

ಇದು ಮೋಸ ಅಂತ ನನಗೆ ಅನಿಸಿರಲಿಲ್ಲವೇ? ಅನಿಸಿರಲಿಲ್ಲ, ಸತ್ಯವಾಗಿ. ಯಾರಿಗೂ ಕೆಟ್ಟದಾಗಲಿಲ್ಲ. ಚೆನ್ನಾಗಿ ಬಂದದ್ದನ್ನು ಪ್ರಿಂಟು ಹಾಕಿ ಕೊಟ್ಟು ಬರುತ್ತಿದ್ದೆವು. ಜನ ನಗುತ್ತಿದ್ದರು, ಅಂಗಡಿಯಲ್ಲಿ ಅಂಟಿಸಿಕೊಳ್ಳುತ್ತಿದ್ದರು. ಮೊಬೈಲು ಬಂದ ಮೇಲೆ ಸ್ಟುಡಿಯೋಗೆ ಬರುವವರು ಕಡಿಮೆಯಾಗಿ, ಕೊನೆಗೆ ಬಾಗಿಲು ಹಾಕಿದೆವು. ಈಗ ಅಲ್ಲಿ ಫೋನಿನ ಕವರ್ ಮಾರುತ್ತಾರೆ. ಇವರು ಕಾಟನ್‌ಪೇಟೆಯ ವ್ಯಾಪಾರಿಗಳಿಗೆ ಬೀಗ, ಚಿಲಕ, ಪೈಪಿನ ಕ್ಯಾಟಲಾಗ್ ಫೋಟೋ ತೆಗೆದುಕೊಟ್ಟು ಸಂಸಾರ ನಡೆಸಿದರು. ಬೆಳಗಿನ ನಡಿಗೆ ಮಾತ್ರ ಬಿಡಲಿಲ್ಲ. ನೆಗೆಟಿವ್‌ಗಳನ್ನೆಲ್ಲಾ ಲಕೋಟೆಗೆ ಹಾಕಿ, ಬೀದಿ, ತಿಂಗಳು, ಏನು ಕೆಲಸ ಅಂತ ಬರೆದು ಬೀರುವಿನಲ್ಲಿ ಜೋಡಿಸಿಡುವುದು ನನ್ನ ಪಾಲು. ಮೂವತ್ತು ವರ್ಷದ ಬೆಂಗಳೂರು ನನ್ನ ಸೀರೆಗಳ ಪಕ್ಕದ ಅರೆಯಲ್ಲಿದೆ.

ಹನ್ನೊಂದು ವರ್ಷದ ಹಿಂದಿನ ಆ ಬೆಳಗ್ಗೆ ನಾವು ಕೆಲಸಕ್ಕೆ ಹೊರಟಿರಲಿಲ್ಲ. ನಾನು ಬಟ್ಟೆ ಕೊಡಲು ಒಬ್ಬಳೇ ಕೆಳಗೆ ಹೋಗಿದ್ದೆ. ಇಸ್ತ್ರಿಯಾಕೆ ಕೆಂಡಕ್ಕೆ ಗಾಳಿ ಹಾಕುತ್ತಿದ್ದವಳು ನನ್ನನ್ನು ಕಂಡು ಬೀಸಣಿಗೆ ಕೆಳಗಿಟ್ಟಳು. ಮನೆಯ ವಿಷಯ ಒಂದು ಹೇಳತೊಡಗಿದಳು. ಅದೇನು ಎಂದು ಇಲ್ಲಿ ಬರೆಯುವುದಿಲ್ಲ. ನನಗೆ ಹೇಳಿದ್ದು, ನನ್ನಲ್ಲಿರಲಿ. ಹೇಳುತ್ತಾ ಹೇಳುತ್ತಾ ಅಳು ಬಂತು. ನನ್ನ ಬೆನ್ನಿಗೆ ಬಿಸಿಲಿತ್ತು, ನನ್ನ ನೆರಳು ಅವಳ ಮುಖದ ಮೇಲಿತ್ತು. ಆಗ ಗಾಡಿಯ ಪಕ್ಕದ ಹಲಗೆಯ ಮೇಲೆ ಇನ್ನೊಂದು ನೆರಳು ಬಂದು ನಿಂತಿತು. ಇವರದು. ಹಾಲು ತರಲು ಇಳಿದವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡೇ ಇಳಿದಿದ್ದರು.

ಇವರು ಏನೂ ಹೇಳಲಿಲ್ಲ. ಮೊಣಕೈ ಎತ್ತಿದರೋ ಇಲ್ಲವೋ ನಾನು ನೋಡಲೂ ಇಲ್ಲ. ನನ್ನ ಕಾಲು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯಿತು. ಅವಳ ಮುಖದ ಮೇಲೆ ಬಿಸಿಲು ಬಿತ್ತು. ಒಂದೇ ಸಲ ಕ್ಲಿಕ್ ಅಂತು. ಅವಳು ಕಣ್ಣೊರೆಸಿಕೊಂಡು, "ಬೆಳಬೆಳಗ್ಗೆ ಶುರು ಮಾಡಿದ್ರಾ ಸಾರು, ನಿಮ್ಮ ಹೆಂಡ್ತಿ ಫೋಟೋ?" ಅಂದು ನಗಲು ನೋಡಿದಳು. ನಾನೂ ನಕ್ಕೆ.

ಆ ಫಿಲಂ ತೊಳೆದು ಬಂದಾಗ ಇವರು ತುಂಬಾ ಹೊತ್ತು ಕಿಟಕಿಗೆ ಹಿಡಿದು ನೋಡಿದರು. ನಾನು ಆ ಫಿಲಂ ಪಟ್ಟಿಯನ್ನು 'ಹಾಳಾದವು' ಎಂದು ಬರೆದ ಲಕೋಟೆಗೆ ಸೇರಿಸಿದೆ. ಇವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ವರ್ಷ ಪ್ರದರ್ಶನ ಏರ್ಪಡಿಸಿದ ಹುಡುಗಿ ನಮ್ಮ ಹಾಲ್‌ನಲ್ಲಿ ನಾಲ್ಕು ದಿನ ನೆಲದ ಮೇಲೆ ಕೂತು ಪ್ರತಿಯೊಂದು ಲಕೋಟೆ ಬಿಚ್ಚಿದಳು. ಜಾಣೆ. ಹಾಳಾದವನ್ನೂ ಬಿಡಲಿಲ್ಲ. ಆ ಒಂದು ಪಟ್ಟಿ ಕೈಗೆ ಬಂದಾಗ ಅವಳು ತಿನ್ನುತ್ತಿದ್ದ ಕೋಡುಬಳೆ ತಟ್ಟೆಗಿಟ್ಟಳು. "ಸರ್, ಇದು ಯಾಕೆ ಇಲ್ಲಿದೆ?" ಅಂದಳು. ಇವರು ನನ್ನ ಕಡೆ ನೋಡಿದರು. ನಾನು ಕಾಫಿ ತರುತ್ತೇನೆಂದು ಒಳಗೆ ಹೋದೆ. ಆಗಲೇ ಬಾಯಿಬಿಡಬೇಕಿತ್ತು.

ಶುಕ್ರವಾರ ಗಂಟು ಹಿಡಿದು ಮೇಲೆ ಬಂದು ಕುಕ್ಕರಿನ ಒಲೆ ಹಚ್ಚಿದಾಗ ಇವರು ಉದ್ಘಾಟನೆಗೆ ಏನು ಮಾತಾಡುವುದೆಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು.

"ನನ್ನ ಬಿಳೀ ಷರಟು ಬಂತಾ?"

"ಇಸ್ತ್ರಿ ಆಗಿಲ್ಲ."

"ಪರವಾಗಿಲ್ಲ ಬಿಡು, ಹಾಸಿಗೆ ಕೆಳಗಿಟ್ರೆ ಆಯ್ತು. ಕಾಲೇಜಿಗೆ ಹೋಗ್ವಾಗ ಮೂರು ವರ್ಷ ಹಾಗೇ ಹಾಕ್ಕೊಂಡಿದೀನಿ," ಎಂದು ಷರಟನ್ನು ಮಡಿಸಿ, ಹಾಸಿಗೆಯ ಅಡಿಗೆ ಸೇರಿಸಿ, ಮೇಲೆ ಎರಡು ಸಲ ಕೂತು ಎದ್ದರು. ಖುಷಿಯಲ್ಲಿದ್ದರು. ಅದನ್ನು ನೋಡಿ ನನಗೆ ಇನ್ನಷ್ಟು ಕಷ್ಟವಾಯಿತು.

"ರೀ, ಆ ಫೋಟೋ ಹಾಕ್ಬೇಡಿ."

"ಯಾವ್ದು?" ಅಂದರು. ಯಾವುದೆಂದು ಗೊತ್ತಿತ್ತು.

ಕೆಳಗೆ ನಡೆದದ್ದು ಹೇಳಿದೆ. ಚೀಟಿಯನ್ನು ಮಡಿಸಿ ಜೇಬಿಗಿಟ್ಟರು. "ಮೂವತ್ತೆರಡು ವರ್ಷ ಕಣೇ," ಅಂದರು. "ನಾಯಿ ಮಲಗಿರೋದು, ಸೈಕಲ್ ನಿಂತಿರೋದು, ಮೂಟೆ, ಬಕೆಟ್ಟು, ಇವೆಲ್ಲಾ ಯಾರು ಬೇಕಾದ್ರೂ ತೆಗೀತಾರೆ. ನಾನು ತೆಗೆದಿದೀನಿ ಅಂತ ಹೇಳ್ಕೊಳ್ಳೋ ಫೋಟೋ ಅದೊಂದೇ. ಬೇರೆ ಎಲ್ಲ ಸುಟ್ಹಾಕು, ನಂಗೇನೂ ಇಲ್ಲ."

"ಅವಳನ್ನ ಕೇಳಿದ್ರಾ?"

"ಕೇಳಿದ ತಕ್ಷಣ ಜನ ಪಾಸ್‌ಪೋರ್ಟ್ ಸೈಜ್ ಆಗ್ಬಿಡ್ತಾರೆ. ಗದ್ದ ಮೇಲೆ, ಉಸಿರು ಒಳಗೆ. ಅಂಗಡೀಲಿ ಅದನ್ನೇ ತೆಗೆದು ತೆಗೆದು ಸಾಕಾಗಿತ್ತು ನಂಗೆ."

"ತೆಗೆಯೋವಾಗ ಅಲ್ಲ. ಈಗ. ಊರೆಲ್ಲಾ ನೋಡೋ ಹಾಗೆ ಹಾಕೋವಾಗ."

ಇವರು ಜೇಬಿನ ಚೀಟಿಯನ್ನು ತೆಗೆದು ಮತ್ತೆ ಒಳಗಿಟ್ಟರು.

"ಆ ಮುಖ ಅವಳು ನಿಮಗೆ ತೋರಿಸ್ಲಿಲ್ಲ. ನಂಗೆ ತೋರಿಸಿದ್ದು," ಅಂದೆ.

"ನೀನು ಸರಿದಿದ್ದಕ್ಕೇ ಅದು ಬಂತು," ಅಂದರು. ಕೋಪದಿಂದಲ್ಲ, ಮೆಲ್ಲಗೆ. "ಇಲ್ದಿದ್ರೆ ಪೂರಾ ನೆರಳಿತ್ತು."

ಹನ್ನೊಂದು ವರ್ಷ ನಾನೊಬ್ಬಳೇ ಇಟ್ಟುಕೊಂಡಿದ್ದೇನೆ ಅಂದುಕೊಂಡಿದ್ದು ಇವರಿಗೂ ಗೊತ್ತಿತ್ತು. ಕುಕ್ಕರು ಮೂರನೇ ಸಲ ಕೂಗಿತು, ಹೋಗಿ ಆರಿಸಿದೆ. ಬಂದು, "ಬನ್ನಿ, ಹೋಗಿ ಕೇಳೋಣ. ಒಂದೇ ಒಂದು ಸಲ ಕೇಳಿ. ಹೂಂ ಅಂದ್ರೆ ಹಾಕಿ, ನಾನು ಬಾಯಿ ಮುಚ್ಕೋತೀನಿ," ಅಂದೆ. ಇವರು ಚಪ್ಪಲಿ ಮೆಟ್ಟಿಕೊಂಡರು. ಅಭ್ಯಾಸಬಲದಿಂದ ಕೈ ಮೊಳೆಯ ಮೇಲಿನ ಕ್ಯಾಮೆರಾ ಕಡೆ ಹೋಯಿತು, ವಾಪಸ್ಸು ಬಂತು.

ಗಾಡಿಯ ಮುಂದೆ ನಿಂತಾಗ ಇವರಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೊದಲು ಹಿಂದೆ ಕಟ್ಟಿಕೊಂಡರು, ಆಮೇಲೆ ಮುಂದೆ.

"ಬನ್ನಿ ಸಾರ್. ಕ್ಯಾಮೆರಾ ಎಲ್ಲಿ?" ಅಂದಳು ಇಸ್ತ್ರಿಯಾಕೆ.

"ತಂದಿಲ್ಲಮ್ಮ."

"ಅಕ್ಕ ಜೊತೇಲಿದಾರಲ್ಲ, ಅದಕ್ಕೆ ಕೇಳ್ದೆ."

ನಾನು ಹೊಂಗೆ ಮರದ ಬುಡ ನೋಡಿದೆ.

ಇವರು ಹೇಳಬೇಕಾದ್ದನ್ನು ಹೇಳಿದರು. ಯಾವತ್ತೂ ಅವಳಿಗೆ ನೀನು ಅನ್ನುತ್ತಿದ್ದವರು ಆವತ್ತು ನೀವು ಅಂದರು. ದೊಡ್ಡ ಪ್ರದರ್ಶನ, ದೊಡ್ಡದೊಡ್ಡವರು ಬರುತ್ತಾರೆ, ನಿಮ್ಮಂಥವರು ಎಷ್ಟು ಕಷ್ಟಪಡುತ್ತೀರಿ ಅಂತ ಜನಕ್ಕೆ ಗೊತ್ತಾಗುತ್ತದೆ, ಅಂತೆಲ್ಲಾ.

"ನನ್ನ ಕಷ್ಟ ಜನಕ್ಕೆ ಯಾಕ್ ಸಾರ್ ಗೊತ್ತಾಗ್ಬೇಕು? ನಾನು ಡಂಗುರ ಹೊಡ್ಕೊಂಡು ತಿರುಗ್ತಿದೀನಾ?"

"ಹಾಗಲ್ಲ. ಅಳ್ತಿದೀರಾ ಅಂತಾನೂ ಯಾರಿಗೂ ಗೊತ್ತಾಗಲ್ಲ. ಇದ್ದಿಲು ಹೊಗೆ ಇದೆಯಲ್ಲ ಅದರಲ್ಲಿ. ಹೊಗೆಗೆ ಕಣ್ಣಲ್ಲಿ ನೀರು ಬಂದಿದೆ ಅಂದ್ಕೋತಾರೆ."

ಅವಳಿಗೆ ನಗು ಬಂತು. "ಸಾರ್, ಇಷ್ಟು ವರ್ಷ ಮುಖಾನೇ ತೆಗ್ದಿದೀರ. ಹೊಗೆಗೆ ಅಳೋರು ಮುಖ ಹೀಗಿಟ್ಕೋತಾರಾ? ಕಣ್ಣು ಮುಚ್ಕೋತಾರೆ, ಕತ್ತು ಆ ಕಡೆ ತಿರುಗಿಸ್ತಾರೆ. ಎಂಟು ವರ್ಷ ಕೆಂಡ ಊದಿದೀನಿ ನಾನು, ಗ್ಯಾಸ್ ಪೆಟ್ಟಿಗೆ ಬರೋ ತನಕ. ನಂಗೊತ್ತಿಲ್ವಾ?"

ಅವಳು ಹೇಳಿದ್ದು ನಿಜ. ಆ ಫೋಟೋದಲ್ಲಿರುವುದು ಹೊಗೆಯ ಕಣ್ಣೀರಲ್ಲ ಎಂಬುದಕ್ಕೇ ಅದು ಆಮಂತ್ರಣ ಪತ್ರಿಕೆಯ ಮೇಲೆ ಬಂದಿತ್ತು.

"ಈ ರಸ್ತೇಲಿ ಹತ್ತೊಂಬತ್ತು ವರ್ಷದಿಂದ ನಿಂತಿದೀನಿ," ಅಂದಳು, ಇವರಿಗಲ್ಲ, ನನಗೆ. "ಏನೇನೋ ಆಗಿದೆ. ಒಬ್ರ ಮುಂದೆ ಅತ್ತಿಲ್ಲ. ಅತ್ರೆ ನಾಳೆಯಿಂದ ಬಟ್ಟೆ ಕೊಡೋಕೆ ಬರೋರೆಲ್ಲಾ ಅಯ್ಯೋ ಪಾಪ ಅಂತ ಮುಖ ಮಾಡ್ಕೊಂಡು ಬರ್ತಾರೆ. ಅದು ನಂಗೆ ಬೇಡ. ನಿಮ್ಮ ಮುಂದೆ ಅತ್ತೆ, ಅಷ್ಟೇ. ನಿಮಗೆ ಆವಾಗ್ಲೇ ಗೊತ್ತಿತ್ತಾ ಅಕ್ಕ, ಸಾರು ನನ್ನನ್ನ ತೆಗೀತಿದಾರೆ ಅಂತ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನೆ ನಿಂತಿದ್ರಾ?"

ಸುಮ್ಮನೆ ನಿಂತಿದ್ದರೆ ಚೆನ್ನಾಗಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ. ಇವರೂ ಹೇಳಲಿಲ್ಲ. ಅದೊಂದನ್ನು ಇವರು ನನಗಾಗಿ ಮಾಡಿದರು.

"ನೀವೇ ಹೇಳಿಬಿಡಿ," ಅಂದರು ಇವರು ಕೊನೆಗೆ. "ಹಾಕ್ಲಾ, ಬೇಡ್ವಾ?"

ಅವಳ ಮುಂದೆ ಒಂದು ನೀಲಿ ಷರಟಿತ್ತು. ಮೊದಲು ಕಾಲರು, ಆಮೇಲೆ ಭುಜ, ಒಂದು ತೋಳು, ಇನ್ನೊಂದು ತೋಳು, ಗುಂಡಿಗಳ ನಡುನಡುವೆ ಪೆಟ್ಟಿಗೆಯ ಮೂತಿ ತೂರಿಸಿ ಎದೆಯ ಭಾಗ. ಮಡಿಸಿ, ಗುಪ್ಪೆಯ ಮೇಲಿಟ್ಟಳು. ಅಷ್ಟು ಹೊತ್ತು ನಾವಿಬ್ಬರೂ ಪರೀಕ್ಷೆಗೆ ನಿಂತ ಮಕ್ಕಳ ಹಾಗೆ ನಿಂತಿದ್ದೆವು. ಆಮೇಲೆ, "ಬೇಡ ಸಾರ್," ಅಂದಳು.

"ಆಯ್ತಮ್ಮ," ಅಂದರು.

ಊಟ ಮಾಡದೆ ಆಟೋದಲ್ಲಿ ಬಸವನಗುಡಿಗೆ ಹೋದೆವು. ಹಳೆಯ ಬಂಗಲೆಯೊಂದರ ಹಜಾರವನ್ನು ಪ್ರದರ್ಶನಕ್ಕೆಂದು ಬೆಳ್ಳಗೆ ಬಳಿದಿದ್ದರು. ಬಾಗಿಲು ದಾಟಿದರೆ ಎದುರುಗೋಡೆಯ ಮೇಲೆ ಅದೊಂದೇ, ನನ್ನ ಸೊಂಟದಿಂದ ತಲೆಯವರೆಗಿನ ಎತ್ತರ. ಅಷ್ಟು ದೊಡ್ಡದಾಗಿ ನಾನು ನೋಡಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಮಸುಕಾಗಿ ನನ್ನ ಮೊಣಕೈ ಇತ್ತು. ಫೋಟೋ ಚೆನ್ನಾಗಿದೆ ಅಂತ ಒಪ್ಪಿಕೊಳ್ಳಲೇಬೇಕು. ನೋಡಿದವರು ಬೇರೆ ಕಡೆ ತಿರುಗಲಾರರು. ನಾನೇ ತಿರುಗಲಾರದೆ ನಿಂತಿದ್ದೆ.

ಅದನ್ನು ಇಳಿಸಬೇಕೆಂಬ ಇವರ ಮಾತು ಕೇಳಿ ಪ್ರದರ್ಶನದ ಹುಡುಗಿಗೆ ಕಣ್ಣು ತುಂಬಿತು. "ಸರ್, ಇಡೀ ಶೋನೇ ಇದರ ಸುತ್ತ ಮಾಡಿರೋದು. ಲೀಗಲಿ ಏನೂ ಪ್ರಾಬ್ಲಂ ಇಲ್ಲ, ಪಬ್ಲಿಕ್ ರೋಡಲ್ಲಿ ತೆಗ್ದಿರೋದು."

"ರೋಡು ಪಬ್ಲಿಕ್ಕೇ ಕಣಮ್ಮ," ಅಂದರು ಇವರು, ಸ್ಟೂಲನ್ನು ಗೋಡೆಯ ಹತ್ತಿರ ಎಳೆಯುತ್ತಾ.

ಅವಳು ಯೋಚಿಸಿ, ಆ ಜಾಗ ಖಾಲಿಯೇ ಬಿಡೋಣ, ಆಕೆ ಬೇಡ ಅಂದರೆಂದು ಒಂದು ಸಾಲು ಬರೆದು ಹಾಕೋಣ, ಅದೂ ತುಂಬಾ ಸ್ಟ್ರಾಂಗ್ ಆಗಿರುತ್ತದೆ ಅಂದಳು. ನಾನು ಬೇಡ ಅಂದೆ. ಇಸ್ತ್ರಿಯಾಕೆ ಅತ್ತಿದ್ದನ್ನು ತೆಗೆದು, ಅವಳು ಬೇಡವೆಂದದ್ದನ್ನು ನೇತುಹಾಕಿದಂತಾಗುತ್ತದೆ. ಇವರು ಸ್ಟೂಲಿನ ಮೇಲೆ ಹತ್ತಿದರು. ಮಂಡಿ ನೋವಿಗೆ ಮನೆಯಲ್ಲಿ ಬಲ್ಬು ಬದಲಾಯಿಸಲೂ ಹತ್ತದವರು. ಅಲ್ಲಿ ಚೌಕಟ್ಟು ಹೊಡೆಯುತ್ತಿದ್ದ ಬಡಗಿ ಒಂದು ಕಡೆ ಹಿಡಿದ, ಇವರು ಒಂದು ಕಡೆ. ಅಲ್ಲಿಗೆ ಅಕ್ಕಿಪೇಟೆಯ ಕೈಗಾಡಿಯ ಫೋಟೋ ಬಂತು. ಒಳ್ಳೆಯ ಫೋಟೋ, ಅಷ್ಟೇ. ಬಾಗಿಲ ಹತ್ತಿರ ಹೋಗಿ ಇವರು ಒಮ್ಮೆ ತಿರುಗಿ ನೋಡಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟರು.

"ಕಾರ್ಡು ವಾಪಸ್ ತಗೋಳಕ್ಕಾಗಲ್ಲ ಮೇಡಂ," ಅಂದಳು ಹುಡುಗಿ ನನಗೆ. "ಎಲ್ಲಾ ಗ್ರೂಪಲ್ಲೂ ಹೋಗಿಬಿಟ್ಟಿದೆ."

ಗೊತ್ತು ಅಂದೆ.

ಕಂದು ಕಾಗದ ಸುತ್ತಿದ ಫೋಟೋ ಆಟೋಗೆ ಹಿಡಿಸಲಿಲ್ಲ. ಒಂದು ಮೂಲೆ ಹೊರಗೆ ಚಾಚಿಕೊಂಡಿತ್ತು, ಇವರು ಅದನ್ನು ತಬ್ಬಿ ಕೂತಿದ್ದರು. ದಾರಿಯಲ್ಲಿ ನಾನು, "ಇನ್ಮೇಲೆ ಬೆಳಗ್ಗೆ ನಾನು ಬರಲ್ಲ ರೀ," ಅಂದೆ.

"ಗೊತ್ತಿತ್ತು," ಅಂದರು. ಒಂದು ಸಿಗ್ನಲ್ ದಾಟಿದ ಮೇಲೆ, "ನೀನಿಲ್ದೆ ಹೋದ್ರೆ ನಾನು ಯಾರನ್ನ ನೋಡ್ತಿದೀನಿ ಅಂತ ಎಲ್ರಿಗೂ ಗೊತ್ತಾಗ್ಬಿಡತ್ತೆ," ಅಂದರು.

ಆಟೋದವರು ಹಿಂದಿನ ಕನ್ನಡಿಯಲ್ಲಿ ನಮ್ಮನ್ನು ನೋಡಿದರು.

ಮನೆ ಮುಂದೆ ಇಳಿದಾಗ ಐದು ಗಂಟೆಯಿರಬೇಕು. ಇಸ್ತ್ರಿಯಾಕೆ ಗುಪ್ಪೆಗಳನ್ನು ಮನೆಮನೆಗೆ ವಿಂಗಡಿಸುತ್ತಿದ್ದಳು. ಇವರೇ ಫೋಟೋ ಹೊತ್ತು ಅವಳ ಹತ್ತಿರ ಹೋಗಿ, "ತೆಗೆಸ್ಬಿಟ್ಟೆ ಅಮ್ಮ," ಅಂದರು.

"ಇದೇನಾ ಅದು? ಬಿಚ್ಚಿ ನೋಡಣ."

ಕಾಗದ ಬಿಚ್ಚಿ ಗಾಡಿಗೆ ಒರಗಿಸಿದೆವು. ಅವಳು ಎರಡು ಹೆಜ್ಜೆ ಹಿಂದೆ ಹೋಗಿ, ಸೆರಗಿನಿಂದ ಕೈಯೊರೆಸಿಕೊಂಡು ನೋಡಿದಳು. ಶಾಲೆ ಬಿಟ್ಟ ವ್ಯಾನೊಂದು ಹಾದುಹೋಯಿತು. ಅದು ಹೋಗುವ ತನಕ ಫೋಟೋಗೆ ಅಡ್ಡ ನಿಂತಳು. ಆಮೇಲೆ ಮತ್ತೆ ನೋಡಿದಳು.

"ಚೆನ್ನಾಗ್ ತೆಗ್ದಿದೀರಾ ಸಾರ್," ಅಂದಳು. ಕುಹಕ ಇರಲಿಲ್ಲ ಅದರಲ್ಲಿ. "ಮುಚ್ಚಿ."

ಇವರು ಕಾಗದ ಸುತ್ತತೊಡಗಿದಾಗ, "ಇದ್ರ ಫಿಲಂ ಎಲ್ಲಿದೆ?" ಅಂತ ಕೇಳಿದಳು. ಸ್ಟುಡಿಯೋ ಇದ್ದ ಕಾಲದಿಂದ ನಮ್ಮನ್ನು ನೋಡಿದವಳು. ಕಾಗದದ ಫೋಟೋ ಹೋದರೂ ಫಿಲಂ ಇದ್ದರೆ ಮತ್ತೆ ಹುಟ್ಟುತ್ತದೆಂದು ಅವಳಿಗೆ ಗೊತ್ತು.

ಇವರ ಕೈ ನಿಂತಿತು. "ಮನೇಲಿದೆ."

"ಅದೂ ಕೊಡಿ."

"ಅದು ಕೊಡಕ್ಕಾಗಲ್ಲಮ್ಮ. ಯಾರಿಗೂ ತೋರಿಸಲ್ಲ. ಆಣೆ ಮಾಡ್ತೀನಿ ಬೇಕಾದ್ರೆ. ಆದ್ರೆ ನೆಗೆಟಿವ್ ಕೊಡಕ್ಕಾಗಲ್ಲ."

ಅವಳು ನನ್ನ ಕಡೆ ನೋಡಿದಳು. ಕೇಳಲಿಲ್ಲ, ನೋಡಿದಳು ಅಷ್ಟೇ. ನಾನು ಮೆಟ್ಟಿಲು ಹತ್ತಿ ಮನೆಗೆ ಹೋದೆ. ಬೀರು ತೆಗೆದೆ. ಲಕೋಟೆ ಯಾವ ಅರೆಯಲ್ಲಿ, ಎಷ್ಟನೆಯದು ಅಂತ ಹುಡುಕಬೇಕಾಗಿಯೇ ಇರಲಿಲ್ಲ. ಪಟ್ಟಿಯಲ್ಲಿ ಆರು ಫೋಟೋ. ಅವಳದು ನಾಲ್ಕನೆಯದು. ಅಡುಗೆಮನೆಯ ಕತ್ತರಿಯಿಂದ, ಮೂರನೆಯದಕ್ಕೂ ಐದನೆಯದಕ್ಕೂ ಏಟಾಗದ ಹಾಗೆ, ನಾಲ್ಕನೆಯದನ್ನು ಕತ್ತರಿಸಿ ತೆಗೆದೆ. ಇವರ ನೆಗೆಟಿವ್‌ಗೆ ಬೆರಳಿನ ಗುರುತು ಸಹ ಬೀಳದಂತೆ ಮೂವತ್ತು ವರ್ಷ ಕಾದವಳು ನಾನು.

ಕೆಳಗೆ ಹೋಗಿ ಅವಳ ಅಂಗೈಯಲ್ಲಿಟ್ಟೆ. ಇವರು ನನ್ನನ್ನು ತಡೆಯಲಿಲ್ಲ.

ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಆಕಾಶಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದಳು. "ಅಯ್ಯೋ, ಕೂದಲೆಲ್ಲಾ ಬೆಳ್ಳಗೆ, ಮುಖ ಕರ್ರಗೆ. ಮುದುಕಿ ಆಗ್ಬಿಟ್ಟಿದೀನಿ." ಆಮೇಲೆ, ಬಟ್ಟೆಗಳಿಂದ ಉದುರಿದ ಗುಂಡಿಗಳನ್ನು ಹಾಕಿಡುವ ತಗಡಿನ ಡಬ್ಬಿಯ ಮುಚ್ಚಳ ತೆಗೆದು ಅದರೊಳಗೆ ಹಾಕಿದಳು.

"ಇಷ್ಟಕ್ಕೆ ಮುಗೀಲಿಲ್ಲ," ಅಂದೆ, ಇನ್ನೊಂದು ಸುಳ್ಳು ಉಳಿಸಿಕೊಳ್ಳಬಾರದೆಂದು. "ಅವರ ಕಂಪ್ಯೂಟರಲ್ಲಿದೆ. ಜನಗಳ ಫೋನಲ್ಲಿದೆ. ಅದನ್ನೆಲ್ಲಾ ತಂದ್ಕೊಡಕ್ಕೆ ನನ್ನ ಕೈಲಾಗಲ್ಲ."

"ಗೊತ್ತು ಬಿಡಿ ಅಕ್ಕ. ನನ್ನ ಫೋನಲ್ಲೇ ಇದೆಯಲ್ಲ," ಅಂದಳು. ದೊಡ್ಡ ಫೋಟೋವನ್ನೂ ಬಿಟ್ಟುಹೋಗಲು ಹೇಳಿದಳು. ಮುಖ ಒಳಗಾಗಿ ಗಾಡಿಯ ಕೆಳಗೆ ತೂರಿಸಿ, ವಿಂಗಡಿಸುವ ಕೆಲಸಕ್ಕೆ ತಿರುಗಿದಳು. ನಾನು ವಾಡಿಕೆಯಂತೆ ಸ್ವಲ್ಪ ಹೊತ್ತು ನಿಂತೆ. ಅವಳು ಮಾತು ಎತ್ತಲಿಲ್ಲ. ಎಲ್ಲಾ ಗುಪ್ಪೆ ಕಟ್ಟಿ ಮುಗಿಸಿ, "ಹೋಗ್ಬನ್ನಿ ಅಕ್ಕ, ನಾಳೆ ಸಾರಿಗೆ ದೊಡ್ಡ ದಿನ," ಅಂದಳು. ಹೊರಗಿನವರಿಗೆ ಹೇಳುವ ಹಾಗೆ ಮರ್ಯಾದೆಯಾಗಿಯೇ ಅಂದಳು.

ಇವರು ಆಗಲೇ ಮೇಲೆ ಹೋಗಿದ್ದರು. ನಾನು ಹೋಗುವಷ್ಟರಲ್ಲಿ ಮೇಜಿನ ಮೇಲೆ ಆ ಪಟ್ಟಿಯ ಎರಡು ತುಂಡುಗಳನ್ನಿಟ್ಟುಕೊಂಡು ಕೂತಿದ್ದರು, ಮೂರು ಫೋಟೋದ್ದೊಂದು, ಎರಡು ಫೋಟೋದ್ದೊಂದು. "ನೇರವಾಗಿ ಕತ್ತರಿಸಿದೀಯ," ಅಂದರು. ಹೊಗಳಿದರೋ ಬೈದರೋ ತಿಳಿಯಲಿಲ್ಲ. ಬೇರೆ ಬೇರೆ ಲಕೋಟೆ ಬೇಕಾ ಅಂತ ಕೇಳಿದೆ. ಬೇಡ, ಒಂದರಲ್ಲೇ ಇರಲಿ ಅಂದರು.

ಮಧ್ಯಾಹ್ನ ಯಾರೂ ಉಣ್ಣದ ದಂಟಿನ ಸೊಪ್ಪಿನ ಹುಳಿಯನ್ನೇ ಬಿಸಿ ಮಾಡಿ, ಬಿಸಿ ಅನ್ನ ಮಾಡಿ, ಎರಡು ಹಪ್ಪಳ ಸುಟ್ಟೆ. ಇವರು ಹುಳಿ ಮುಟ್ಟಲಿಲ್ಲ. ಮಜ್ಜಿಗೆ ಅನ್ನ ಕಲೆಸಿಕೊಂಡು ಅರ್ಧ ಉಂಡರು, ಉಪ್ಪಿನಕಾಯಿ ಬೇಡವೆಂದರು. ನಾನು ಎರಡು ಸಲ ಹಾಕಿಕೊಂಡೆ. ಬೆಳಗಿನಿಂದ ಕಾಫಿ ಬಿಟ್ಟು ಏನೂ ಹೊಟ್ಟೆಗೆ ಬಿದ್ದಿರಲಿಲ್ಲ. ಒಂಬತ್ತಕ್ಕೆ ಪಾತ್ರೆ ತೊಳೆದಿಟ್ಟೆ. ಇವರು ಹಾಲ್‌ನಲ್ಲಿ ದೀಪ ಹಾಕಿಕೊಂಡು ಕೂತೇ ಇದ್ದರು. ಮೊದಲು ನಿದ್ದೆ ಹೋದದ್ದು ನಾನು.